ಸಿಂಹ ನೆಕ್ಕುತ್ತದೆ, ಹಸು ಹೀರುತ್ತದೆ, ಹಾಗಾದರೆ ನಾವು? ಸಸ್ಯಾಹಾರದ ಆರು ಫಾರ್ವರ್ಡ್‌ಗಳ ನಿಜ-ಸುಳ್ಳು

“ಸಿಂಹ, ಹುಲಿ, ನಾಯಿ ನಾಲಿಗೆಯಿಂದ ನೆಕ್ಕಿ ನೀರು ಕುಡಿಯುತ್ತವೆ. ಹಸು, ಕುದುರೆ, ಜಿಂಕೆ ಹೀರಿ ಕುಡಿಯುತ್ತವೆ. ಮನುಷ್ಯನೂ ಹೀರಿಯೇ ಕುಡಿಯುತ್ತಾನೆ. ಆದ್ದರಿಂದ ದೇವರು ಮನುಷ್ಯನನ್ನು ಸಸ್ಯಾಹಾರಿಯಾಗಿಯೇ ಸೃಷ್ಟಿಸಿದ್ದಾನೆ. ಈ ಸಂದೇಶವನ್ನು ಹತ್ತು ಜನರಿಗೆ ಕಳುಹಿಸಿ.”

ಇದು ನಿಮ್ಮ ಮೊಬೈಲಿಗೂ ಬಂದಿರಬೇಕು. ಬಂದಿಲ್ಲ ಎಂದಾದರೆ ನೀವು ಯಾವ ಕುಟುಂಬದ ವಾಟ್ಸಾಪ್ ಗುಂಪಿನಲ್ಲೂ ಇಲ್ಲ ಎಂದರ್ಥ. ಅಂಥ ಪುಣ್ಯವಂತರು ಕಡಿಮೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಸಸ್ಯಾಹಾರಿ. ಗೇರುಸೊಪ್ಪದ ಕಡೆಯ ಅಡಿಕೆ ತೋಟದ ಮನೆಯವನು. ತಂಬುಳಿ, ಅಪ್ಪೆಹುಳಿ, ಕೆಸುವಿನ ಸೊಪ್ಪಿನ ಕರಕಲಿ ತಿಂದೇ ಬೆಳೆದವನು. ಈ ವಯಸ್ಸಿಗೆ ಬಂಗಡೆ ತಿನ್ನುವ ಆಸೆಯೂ ಇಲ್ಲ, ತಿನ್ನುವವರನ್ನು ಕಂಡರೆ ಸಿಟ್ಟೂ ಇಲ್ಲ. ಹೊನ್ನಾವರದಿಂದ ಊರಿಗೆ ಬರುವ ಬಸ್ಸಿನಲ್ಲಿ ಮೀನಿನ ಬುಟ್ಟಿಯ ಪಕ್ಕದ ಸೀಟು ಸಿಕ್ಕರೂ ಕೂರುತ್ತೇನೆ. ಸೀಟು ಸಿಕ್ಕಿದ್ದೇ ದೊಡ್ಡದು.

ನಮ್ಮ ತಾಲೂಕುಗಳೇ ಹಾಗೆ. ಘಟ್ಟದ ಬುಡದ ತೋಟದಲ್ಲಿ ಹವ್ಯಕರ ಸೊಪ್ಪಿನಡುಗೆ, ಕಡಲ ಬದಿಯಲ್ಲಿ ಖಾರ್ವಿ, ಮೊಗೇರರ ಮೀನು ಸಾರು, ಭಟ್ಕಳದಲ್ಲಿ ನವಾಯತರ ಬಿರಿಯಾನಿ. ಕುಮಟಾ ಪೇಟೆಯಲ್ಲಿ ಜನಿವಾರ ಹಾಕಿಯೂ ಮೀನು ತಿನ್ನುವ ಸಾರಸ್ವತರು. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪವನ್ನು ಆಳಿದ ಚೆನ್ನಭೈರಾದೇವಿ, ಪೋರ್ಚುಗೀಸರು ‘ಕರಿಮೆಣಸಿನ ರಾಣಿ’ ಎಂದು ಕರೆದವಳು, ಜೈನಳು. ನಗರಬಸ್ತಿಕೇರಿಯ ಚತುರ್ಮುಖ ಬಸದಿ ಆ ಕಾಲದ ವೈಭವಕ್ಕೆ ಈಗಲೂ ಸಾಕ್ಷಿ. ಕಟ್ಟುನಿಟ್ಟಿನ ಜೈನರ ಲೆಕ್ಕದಲ್ಲಿ ನೆಲದೊಳಗಿನ ಗೆಡ್ಡೆಗೆಣಸೂ ವರ್ಜ್ಯ. ಅವರ ಪಂಕ್ತಿಯಲ್ಲಿ ನಮ್ಮ ಸುವರ್ಣಗೆಡ್ಡೆ ಪಲ್ಯಕ್ಕೆ ಜಾಗವಿಲ್ಲ. ಹಾಲು-ಮೊಸರನ್ನೂ ಬಿಟ್ಟ ವೀಗನ್‌ಗಳ ಪಂಕ್ತಿಯಲ್ಲಿ ತಂಬುಳಿಗೇ ಜಾಗವಿಲ್ಲ. ‘ಶುದ್ಧ ಸಸ್ಯಾಹಾರ’ ಎಂಬ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ.

ದೇಶದ ಲೆಕ್ಕವೂ ನೆನಪಿರಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಗಂಡಸರಲ್ಲಿ ಸುಮಾರು ಶೇ. 83, ಹೆಂಗಸರಲ್ಲಿ ಸುಮಾರು ಶೇ. 70 ಮಂದಿ ಮೀನು, ಕೋಳಿ ಅಥವಾ ಮಾಂಸ ತಿನ್ನುವವರು. ‘ಭಾರತೀಯರೆಲ್ಲ ಸಸ್ಯಾಹಾರಿಗಳು’ ಎಂಬ ಮಾತು ಬರೀ ಮಾತು.

ಈಗ ಫಾರ್ವರ್ಡ್‌ಗಳಿಗೆ ಬರೋಣ.

1. “ಮನುಷ್ಯನ ದೇಹ ರಚನೆಯೇ ಸಸ್ಯಾಹಾರಕ್ಕೆ”

ನೀರು ಹೀರುವ ಲೆಕ್ಕ ಹಿಡಿದು ಹೊರಟರೆ ಮೊದಲು ಎದುರಾಗುವುದು ಹಂದಿ. ಅದು ಹೀರಿಯೇ ಕುಡಿಯುತ್ತದೆ. ಏನು ತಿನ್ನುತ್ತದೆ ಎಂದು ವಿವರಿಸುವುದು ಬೇಡ. ನೀರು ಕುಡಿಯುವ ರೀತಿ ಬಾಯಿ, ತುಟಿ, ಕೆನ್ನೆಗಳ ಆಕಾರಕ್ಕೆ ಸಂಬಂಧಿಸಿದ್ದು. ಅದರಿಂದ ಊಟದ ಮೆನು ತೀರ್ಮಾನವಾಗುವುದಿಲ್ಲ.

ಹಲ್ಲು, ಕರುಳು ನೋಡಿ ಎನ್ನುತ್ತಾರೆ. ನೋಡೋಣ. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ. ಅದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮಾಣುಗಳು ಹುಲ್ಲಿನ ನಾರನ್ನು ಕೊಳೆಸಿ ಕೊಡುತ್ತವೆ. ನಮಗೆ ಅಂಥ ವ್ಯವಸ್ಥೆ ಇಲ್ಲ. ಹುಲ್ಲು ತಿಂದರೆ ಅದು ಹೋದ ಹಾಗೇ ಹೊರಗೆ ಬರುತ್ತದೆ. ಹುಲಿಯ ಕೋರೆಹಲ್ಲೂ ನಮಗಿಲ್ಲ. ಪಿಷ್ಟ ಕರಗಿಸುವ ರಸ ನಮ್ಮ ಎಂಜಲಿನಲ್ಲೇ ಇದೆ. ಮಾಂಸದ ಪ್ರೊಟೀನ್ ಒಡೆಯುವ ಪೆಪ್ಸಿನ್ ಹೊಟ್ಟೆಯಲ್ಲಿದೆ. ಇದು ಎರಡನ್ನೂ ತಿನ್ನಬಲ್ಲ ಮಿಶ್ರಾಹಾರಿಯ ದೇಹ.

ನಮ್ಮ ಹತ್ತಿರದ ಬಂಧುಗಳನ್ನೇ ನೋಡಿ. ಗೇರುಸೊಪ್ಪ ಘಟ್ಟದಲ್ಲಿ ಅದೃಷ್ಟವಿದ್ದರೆ ಕಾಣಸಿಗುವ ಸಿಂಗಳೀಕ ಹೆಚ್ಚಾಗಿ ಹಣ್ಣು ತಿನ್ನುತ್ತದೆ. ಸಿಕ್ಕಿದರೆ ಹುಳ, ಕಪ್ಪೆ, ಹಲ್ಲಿ, ಹಕ್ಕಿಯ ಮೊಟ್ಟೆಯನ್ನೂ ಬಿಡುವುದಿಲ್ಲ. ಚಿಂಪಾಂಜಿಗಳು ಗುಂಪು ಕಟ್ಟಿಕೊಂಡು ಬೇರೆ ಕೋತಿಗಳನ್ನು ಬೇಟೆಯಾಡುತ್ತವೆ.

ಒಂದು ಮಾತು ಮಾತ್ರ ಗಮನಿಸಿ. ದೇಹಕ್ಕೆ ಮಾಂಸ ಜೀರ್ಣವಾಗುತ್ತದೆ ಎಂದ ಮಾತ್ರಕ್ಕೆ ಮಾಂಸ ತಿನ್ನಲೇಬೇಕು ಎಂದಾಗುವುದಿಲ್ಲ. ‘ಆಗುತ್ತದೆ’ ಬೇರೆ, ‘ಆಗಬೇಕು’ ಬೇರೆ. ಮೀನುಪ್ರಿಯರು ಈ ವಾಕ್ಯವನ್ನು ಎರಡು ಸಲ ಓದಿಕೊಳ್ಳಿ.

ತೀರ್ಪು: ಸುಳ್ಳು.

2. “ಕರಿಬೇವಿನ ನೀರು ಕುಡಿದರೆ ಬಿ12 ತಾನಾಗಿಯೇ ಏರುತ್ತದೆ”

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಏಕೆಂದರೆ ಇದು ನಮ್ಮ ಮನೆಯೊಳಗೇ ಬಂದ ಫಾರ್ವರ್ಡ್.

ನನ್ನ ಅತ್ತೆಗೆ ಅರವತ್ತು ದಾಟಿದೆ. ಹತ್ತಿರ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಅದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ. ಒಂದು ಮಳೆಗಾಲ ಕಾಲು ಜುಂ ಎನ್ನಲು ಶುರುವಾಯಿತು. ಅಂಗಳದಲ್ಲಿ ನಡೆಯುವಾಗ ಚಪ್ಪಲಿ ಕಳಚಿ ಹೋದರೂ ಗೊತ್ತಾಗುತ್ತಿರಲಿಲ್ಲ. ಆಯಾಸ, ಮರೆವು ಬೇರೆ. ‘ವಯಸ್ಸಾಯ್ತಲ’ ಎಂದುಕೊಂಡರು. ಅಷ್ಟರಲ್ಲಿ ಮೊಬೈಲಿಗೆ ಔಷಧ ಬಂತು: ಕರಿಬೇವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಆ ನೀರು ಕುಡಿಯಿರಿ, ಬಿ12 ತಾನಾಗಿಯೇ ಏರುತ್ತದೆ, ಇಂಜೆಕ್ಷನ್ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ! ಅತ್ತೆ ಮೂರು ತಿಂಗಳು ಶ್ರದ್ಧೆಯಿಂದ ಕುಡಿದರು. ಹಿತ್ತಲಿನ ಕರಿಬೇವಿನ ಗಿಡ ಬೋಳಾಯಿತು. ಕಾಲು ಮಾತ್ರ ಹಾಗೇ ಇತ್ತು.

ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ತೀರಾ ಕಡಿಮೆ. ಸಾಮಾನ್ಯವಾಗಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತಾರೆ. ಅತ್ತೆಯದು ಅದಕ್ಕಿಂತ ಬಹಳ ಕೆಳಗಿತ್ತು.

ಏಕೆ ಹೀಗಾಯಿತು? ಬಿ12 ಅನ್ನು ಗಿಡವೂ ತಯಾರಿಸುವುದಿಲ್ಲ, ಪ್ರಾಣಿಯೂ ತಯಾರಿಸುವುದಿಲ್ಲ. ತಯಾರಿಸುವುದು ಬ್ಯಾಕ್ಟೀರಿಯಾ. ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾ ತಯಾರಿಸಿದ್ದು ಹಾಲಿಗೂ ಮಾಂಸಕ್ಕೂ ಬರುತ್ತದೆ. ಮೀನು, ಮೊಟ್ಟೆಯಲ್ಲಿಯೂ ಇದೆ. ಅಘನಾಶಿನಿ ಅಳಿವೆಯಲ್ಲಿ ಹೆಕ್ಕುವ ಬಳಚಿನಂಥ ಚಿಪ್ಪುಜೀವಿಗಳಲ್ಲಂತೂ ರಾಶಿ ರಾಶಿ ಇರುತ್ತದೆ. ಕರಿಬೇವು, ಬಾಳೆಹಣ್ಣು, ಬೀಟ್‌ರೂಟ್, ಖರ್ಜೂರದಲ್ಲಿ ಇಲ್ಲ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ಬಿ12ರಂತೆ ಕಾಣುವ, ಆದರೆ ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ನಕಲಿ ರೂಪ. ದೋಸೆ ಹಿಟ್ಟು ಹುಳಿ ಬಂದಾಗ ನಂಬಿಕೊಳ್ಳುವಷ್ಟು ಬಿ12 ಹುಟ್ಟುವುದಿಲ್ಲ.

‘ನಮ್ಮ ಕರುಳಿನಲ್ಲೂ ಬ್ಯಾಕ್ಟೀರಿಯಾ ಇದೆಯಲ್ಲ’ ಎಂದು ಕೇಳಬಹುದು. ಇದೆ, ತಯಾರಿಸುತ್ತದೆ ಕೂಡ. ಆದರೆ ತಯಾರಿಸುವುದು ದೊಡ್ಡ ಕರುಳಿನಲ್ಲಿ, ದೇಹ ಹೀರಿಕೊಳ್ಳುವುದು ಅದಕ್ಕಿಂತ ಮೊದಲೇ ಬರುವ ಸಣ್ಣ ಕರುಳಿನ ಕೊನೆಯಲ್ಲಿ. ತೋಟದ ಕೆಳಗೆ ಹರಿಯುವ ಹಳ್ಳದ ನೀರು ತಾನಾಗಿ ಮೇಲಿನ ಗದ್ದೆಗೆ ಏರುತ್ತದೆಯೇ? ಮೊಲಗಳು ಈ ಸಮಸ್ಯೆಯನ್ನು ತಮ್ಮ ಹಿಕ್ಕೆಯನ್ನು ತಾವೇ ತಿಂದು ಪರಿಹರಿಸಿಕೊಂಡಿವೆ. ‘ಪ್ರಾಣಿಗಳಿಂದ ಕಲಿಯಿರಿ’ ಎಂಬ ಫಾರ್ವರ್ಡ್ ಕಳುಹಿಸುವವರು ಇದನ್ನೂ ಸೇರಿಸಿಕೊಳ್ಳಬಹುದು.

ಹಾಗಾದರೆ ಅತ್ತೆಯ ಅಮ್ಮನಿಗೆ ಏಕೆ ಹೀಗಾಗಿರಲಿಲ್ಲ? ಆಗ ಕೊಟ್ಟಿಗೆಯಲ್ಲಿ ಹಸು ಇತ್ತು. ಹಾಲು, ಮೊಸರು, ಮಜ್ಜಿಗೆ ಹೊಟ್ಟೆ ತುಂಬ. ದಿನಕ್ಕೆ ಬೇಕಾದದ್ದು ಎರಡು-ಎರಡೂವರೆ ಮೈಕ್ರೋಗ್ರಾಂ ಮಾತ್ರ. ದಿನಕ್ಕೆ ಎರಡು-ಮೂರು ಲೋಟ ಹಾಲು-ಮೊಸರಿನಲ್ಲಿ ಅದು ಬಹುಮಟ್ಟಿಗೆ ಸಿಗುತ್ತದೆ. ಈಗ ಕೊಟ್ಟಿಗೆ ಖಾಲಿ. ಪ್ಯಾಕೆಟ್ ಹಾಲು ಬರುವುದು ಚಹಾಕ್ಕೆ ಬಣ್ಣ ಬರಿಸಲು. ಮಜ್ಜಿಗೆಯಲ್ಲಿ ನೀರೇ ಹೆಚ್ಚು. ಅದರ ಮೇಲೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಹೀರಿಕೆ ಕಡಿಮೆಯಾಗುತ್ತದೆ. ಗ್ಯಾಸಿಗೆಂದು ದಿನವೂ ನುಂಗುವ ಆಮ್ಲ ತಗ್ಗಿಸುವ ಮಾತ್ರೆಯಿಂದಲೂ ಹಾಗೇ. ವಯಸ್ಸಾದಂತೆ ಹೀರಿಕೆಯೇ ಕುಗ್ಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ನಿಧಾನವಾಗಿ, ಸದ್ದಿಲ್ಲದೆ ಬರುತ್ತದೆ.

ಇನ್ನೊಂದು ಅಪಾಯವಿದೆ. ಸೊಪ್ಪಿನಲ್ಲಿ ಫೋಲೇಟ್ ಧಾರಾಳವಾಗಿರುತ್ತದೆ. ಅದು ಬಿ12 ಕೊರತೆಯ ರಕ್ತಹೀನತೆ ಕಾಣದಂತೆ ಮಾಡಬಹುದು, ಆದರೆ ನರಗಳಿಗೆ ಆಗುವ ಹಾನಿಯನ್ನು ತಡೆಯುವುದಿಲ್ಲ. ಹಿಮೋಗ್ಲೋಬಿನ್ ಸರಿ ಇದೆ ಎಂದು ನಿಶ್ಚಿಂತೆಯಿಂದ ಇದ್ದರೆ, ತಡವಾದಷ್ಟೂ ನರ ಪೂರ್ತಿ ಸರಿಯಾಗುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಅತ್ತೆ ಕರಿಬೇವಿನ ನೀರಿಗೆ ಕೊಟ್ಟ ಮೂರು ತಿಂಗಳ ಬೆಲೆ ಇದು.

ಇಂಜೆಕ್ಷನ್ ಶುರುವಾದ ದಿನ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು, “ತಮಾ, ಈ ಇಂಜೆಕ್ಷನ್ನು ಸಸ್ಯಾಹಾರ ಹೌದನಾ?”

ಹೌದು. ಕಾರ್ಖಾನೆಯಲ್ಲಿ ಬಿ12 ತಯಾರಿಸುವುದೂ ಬ್ಯಾಕ್ಟೀರಿಯಾ ಬೆಳೆಸಿಯೇ. ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ. ಕ್ಯಾಪ್ಸೂಲ್ ಆದರೆ ಅದರ ಹೊರಕವಚ ಕೆಲವೊಮ್ಮೆ ಪ್ರಾಣಿಮೂಲದ ಜೆಲಾಟಿನ್‌ನದು. ಬೇಡವಾದರೆ ಮಾತ್ರೆ ಕೇಳಿ ಪಡೆಯಬಹುದು. ಅತ್ತೆಯ ಕಾಲು ಈಗ ಎಷ್ಟೋ ವಾಸಿ. ಬಲಗಾಲಿನ ಎರಡು ಬೆರಳು ಮಾತ್ರ ಇನ್ನೂ ಮರಗಟ್ಟಿದಂತೆಯೇ ಇವೆ.

ತೀರ್ಪು: ಸುಳ್ಳು, ಅದೂ ಅಪಾಯಕಾರಿ ಸುಳ್ಳು.

3. “ಆನೆ ಸೊಪ್ಪು ತಿಂದೇ ಅಷ್ಟು ಬಲಶಾಲಿ, ಪ್ರೊಟೀನ್ ಚಿಂತೆ ಏಕೆ?” ಮತ್ತು “ಮಾಂಸ ತಿನ್ನದಿದ್ದರೆ ಪ್ರೊಟೀನೇ ಇಲ್ಲ”

ಎರಡು ಬಣದ ಎರಡು ಫಾರ್ವರ್ಡ್. ಎರಡೂ ತಪ್ಪು.

ದೊಡ್ಡ ಆನೆ ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ. ದಿನದ ಬಹುಪಾಲು ಅದಕ್ಕೆ ಅದೇ ಕೆಲಸ. ನಿಮಗೆ ಅಷ್ಟು ಸಮಯ, ಅಷ್ಟು ಹೊಟ್ಟೆ ಇದ್ದರೆ ಆನೆಯನ್ನು ಅನುಸರಿಸಿ.

ಇನ್ನೊಂದು ಕಡೆ ನನ್ನ ಭಟ್ಕಳದ ಗೆಳೆಯ. ಇಪ್ಪತ್ತು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಾನೆ, “ಹುಲ್ಲು ತಿಂದು ಹ್ಯಾಗೆ ಬದುಕ್ತೀಯ ಮಾರಾಯಾ?” ಅವನಿಗೆ ಲೆಕ್ಕ ಕೊಟ್ಟಿದ್ದೇನೆ. ಆರೋಗ್ಯವಂತ ದೊಡ್ಡವರಿಗೆ ದೇಹತೂಕದ ಕಿಲೋಗೆ ಸುಮಾರು 0.8 ಗ್ರಾಂ ಪ್ರೊಟೀನ್ ಬೇಕು. 60 ಕಿಲೋ ಇದ್ದವರಿಗೆ ದಿನಕ್ಕೆ 50 ಗ್ರಾಂ ಹತ್ತಿರ. 100 ಗ್ರಾಂ ಬಂಗಡೆಯಲ್ಲಿ ಸುಮಾರು 20 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಒಣ ಹುರುಳಿ ಅಥವಾ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ 25 ಗ್ರಾಂ. ಅನ್ನದಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೋನಿನ್ ಅನ್ನದಲ್ಲಿದೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದಿಲ್ಲ, ಒಂದೇ ದಿನದಲ್ಲಿ ತಿಂದರೆ ಸಾಕು.

ಆದರೆ ನಮ್ಮ ಕಡೆಯ ಸಸ್ಯಾಹಾರಿಗಳು ಇಲ್ಲಿ ಎದೆ ಉಬ್ಬಿಸಬೇಡಿ. ನಮ್ಮ ಊಟದ ಎಲೆ ನೋಡಿ: ಬೆಟ್ಟದಷ್ಟು ಅನ್ನ, ಅದರ ಮೇಲೆ ತಂಬುಳಿ, ಅಪ್ಪೆಹುಳಿ, ತಿಳಿಸಾರು, ಕೊನೆಗೆ ನೀರು ಮಜ್ಜಿಗೆ. ರುಚಿಗೆ ಎರಡು ಮಾತಿಲ್ಲ. ಆದರೆ ಬೇಳೆಕಾಳು ಎಲ್ಲಿದೆ? ಸಾರಿನ ಪಾತ್ರೆಯಲ್ಲಿ ಬೇಳೆ ಹುಡುಕುವುದು ಮಳೆಗಾಲದ ಶರಾವತಿಯಲ್ಲಿ ಬಿದ್ದ ಉಂಗುರ ಹುಡುಕಿದ ಹಾಗೆ. ಅನ್ನ, ಸಕ್ಕರೆ, ಎಣ್ಣೆಯ ಕರಿದ ತಿಂಡಿ ಎಲ್ಲವೂ ಸಸ್ಯಾಹಾರವೇ. ಗೋಳಿಬಜೆಯಲ್ಲೂ ಯಾವ ಪ್ರಾಣಿಯೂ ಇಲ್ಲ. ಸಕ್ಕರೆ ಕಾಯಿಲೆ ಮಾತ್ರ ಹಸಿರು ಚುಕ್ಕೆ ನೋಡಿ ಹಿಂದೆ ಹೋಗುವುದಿಲ್ಲ.

ಕಬ್ಬಿಣದ ಕಥೆಯೂ ಹಾಗೇ. ಸೊಪ್ಪು, ಕಾಳಿನ ಕಬ್ಬಿಣಾಂಶವನ್ನು ದೇಹ ಮೀನು-ಮಾಂಸದಷ್ಟು ಸುಲಭವಾಗಿ ಹೀರುವುದಿಲ್ಲ. ಜೊತೆಗೆ ನಿಂಬೆ, ನೆಲ್ಲಿಕಾಯಿ ಇದ್ದರೆ ಹೆಚ್ಚುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ತಗ್ಗುತ್ತದೆ. ಹಾಗೆಂದು ರಕ್ತಹೀನತೆ ಸಸ್ಯಾಹಾರಿಗಳ ರೋಗವಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15-49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇತ್ತು. ಮೀನು-ಮಾಂಸ ತಿನ್ನುವವರೇ ಹೆಚ್ಚಿರುವ ರಾಜ್ಯ ಇದು. ‘ತಿನ್ನುತ್ತಾರೆ’ ಎಂದರೆ ಎಷ್ಟು, ವಾರಕ್ಕೆ ಎಷ್ಟು ಸಲ, ಮನೆಯಲ್ಲಿ ಕೊನೆಗೆ ಉಣ್ಣುವವರ ಬಟ್ಟಲಿಗೆ ಎಷ್ಟು ಎಂಬುದೇ ಮುಖ್ಯ.

ತೀರ್ಪು: ಎರಡೂ ಸುಳ್ಳು.

4. “ಮಾಂಸ ತಿನ್ನುವುದು ಸಿಗರೇಟ್ ಸೇದಿದಂತೆ, ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ”

ಇದರಲ್ಲಿ ಒಂದು ಎಳೆ ಸತ್ಯವಿದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಮೊದಲನೇ ಗುಂಪಿಗೆ ಸೇರಿಸಿತು. ದನ, ಕುರಿ, ಹಂದಿಯಂಥ ಕೆಂಪು ಮಾಂಸವನ್ನು ‘ಬಹುಶಃ ಕಾರಣ’ ಎಂಬ ಗುಂಪಿಗೆ ಹಾಕಿತು. ಮೀನು, ಕೋಳಿ ಆ ಪಟ್ಟಿಯ ಮಾತೇ ಅಲ್ಲ.

ಈ ಗುಂಪುಗಳು ಹೇಳುವುದು ‘ಪುರಾವೆ ಎಷ್ಟು ಗಟ್ಟಿ’ ಎಂಬುದನ್ನು. ‘ಅಪಾಯ ಎಷ್ಟು ದೊಡ್ಡದು’ ಎಂಬುದನ್ನಲ್ಲ. ಅದೇ ಮೊದಲನೇ ಗುಂಪಿನಲ್ಲಿ ಸೂರ್ಯನ ಬಿಸಿಲೂ ಇದೆ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಹೆಚ್ಚುತ್ತದೆ ಎಂದು ಅಂದಾಜಿಸಲಾಗಿದೆ. ನೂರರಲ್ಲಿ 5 ಜನರಿಗೆ ಬರುವ ಕಡೆ ಹೆಚ್ಚು ಕಡಿಮೆ 6 ಜನರಿಗೆ ಬಂದಂತೆ. ಸಿಗರೇಟ್ ಶ್ವಾಸಕೋಶ ಕ್ಯಾನ್ಸರಿನ ಅಪಾಯವನ್ನು 15 ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಮಾಡುತ್ತದೆ. ಎರಡೂ ಒಂದೇ ಅಲ್ಲ.

ಸಸ್ಯಾಹಾರಕ್ಕೆ ಲಾಭವಿಲ್ಲವೇ? ಇದೆ. ಬ್ರಿಟನ್ನಿನಲ್ಲಿ ಸುಮಾರು 48 ಸಾವಿರ ಜನರನ್ನು 18 ವರ್ಷ ಹಿಂಬಾಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 22ರಷ್ಟು ಕಡಿಮೆ ಕಂಡುಬಂತು. ಪಾರ್ಶ್ವವಾಯು ಶೇ. 20ರಷ್ಟು ಹೆಚ್ಚು ಕಂಡುಬಂತು. ನಮ್ಮ ಗುಂಪಿಗೆ ಬಂದ ಫಾರ್ವರ್ಡಿನಲ್ಲಿ ಮೊದಲ ಅರ್ಧ ಮಾತ್ರ ಇತ್ತು. ಉಳಿದರ್ಧ ಬಹುಶಃ ಬೇರೆ ಗುಂಪಿಗೆ ಹೋಗಿರಬೇಕು.

ತೀರ್ಪು: ಅರ್ಧ ಸತ್ಯ.

5. “ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ”

ಕರಾವಳಿಯಲ್ಲಿ ಇದನ್ನು ಮೀನು ತಿನ್ನುವವರೂ ನಂಬುತ್ತಾರೆ. ಚರಕ ಸಂಹಿತೆಯ ವಿರುದ್ಧಾಹಾರದ ಪಟ್ಟಿಯಲ್ಲಿ ಮೀನು-ಹಾಲು ಜೋಡಿ ಇರುವುದು ನಿಜ. ಆದರೆ ತೊನ್ನು ಬರುವುದು ದೇಹದ ರೋಗನಿರೋಧಕ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ದಾಳಿ ಮಾಡುವುದರಿಂದ. ಬಂಗಾಳದಲ್ಲಿ ಮೀನನ್ನು ಮೊಸರಿನಲ್ಲೇ ಬೇಯಿಸುತ್ತಾರೆ. ಯೂರೋಪಿನಲ್ಲಿ ಕೆನೆ ಹಾಕುತ್ತಾರೆ. ಅಲ್ಲೆಲ್ಲ ಊರಿಗೆ ಊರೇ ಬೆಳ್ಳಗಾಗಿಲ್ಲ. ಜನ್ಮದಲ್ಲಿ ಮೀನು ಮುಟ್ಟದ ಮನೆಗಳಲ್ಲೂ ತೊನ್ನು ಇದೆ.

ಇದು ನಕ್ಕು ಬಿಡುವ ವಿಷಯವಲ್ಲ. ಈ ಕಾಯಿಲೆ ಅಂಟುವುದಿಲ್ಲ. ಆದರೂ ತೊನ್ನು ಇರುವ ಹುಡುಗಿಯ ಮದುವೆ ಮಾತುಕತೆಗಳು ಮುರಿಯುತ್ತವೆ. ಅದರ ಮೇಲೆ ‘ಏನೋ ತಿನ್ನಬಾರದ್ದು ತಿಂದಿರಬೇಕು’ ಎಂಬ ಆರೋಪ ಬೇರೆ. ಈ ಫಾರ್ವರ್ಡ್ ಆ ಆರೋಪಕ್ಕೆ ವಿಜ್ಞಾನದ ಅಂಗಿ ತೊಡಿಸುತ್ತದೆ.

ತೀರ್ಪು: ಸುಳ್ಳು.

6. “ಗಿಡಕ್ಕೂ ಜೀವ ಇಲ್ಲವೇ? ಜಗದೀಶಚಂದ್ರ ಬೋಸರೇ ಸಾಬೀತು ಮಾಡಿದ್ದಾರೆ!”

ಇದು ಮಾಂಸಾಹಾರಿ ಬಣದ ಬ್ರಹ್ಮಾಸ್ತ್ರ. ಗಿಡಕ್ಕೆ ಜೀವವಿದೆ. ಅದು ಬೆಳಕು, ಸ್ಪರ್ಶ, ಗಾಯಕ್ಕೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಬೋಸ್ ಸೂಕ್ಷ್ಮ ಉಪಕರಣಗಳಿಂದ ತೋರಿಸಿದರು. ಆದರೆ ನೋವು ಅನುಭವಿಸಲು ಬೇಕಾದ ನರಮಂಡಲ, ಮೆದುಳು ಗಿಡಕ್ಕಿಲ್ಲ. ಬಸಳೆ ಕುಡಿ ಚಿವುಟುವುದೂ ಕೋಳಿಯ ಕತ್ತು ಕೊಯ್ಯುವುದೂ ಒಂದೇ ಎಂದು, ಎರಡನ್ನೂ ಹತ್ತಿರದಿಂದ ನೋಡಿದ ಯಾರೂ ಹೇಳಲಾರರು. ಇನ್ನು ಗಿಡದ ಬಗ್ಗೆ ಅಷ್ಟು ಕರುಣೆ ಇದ್ದರೂ ಸಸ್ಯಾಹಾರವೇ ಮೇಲು. ಒಂದು ಕಿಲೋ ಕೋಳಿ ಬೆಳೆಯಲು ಸುಮಾರು ಎರಡು ಕಿಲೋ ಮೇವು ಬೇಕು. ಆ ಮೇವು ಎಂದರೆ ಜೋಳ, ಸೋಯಾ. ಅವೂ ಗಿಡಗಳೇ.

ಹಾಗೆಂದು ನಮ್ಮ ಬಣ ಕೈ ತೊಳೆದುಕೊಳ್ಳುವಂತಿಲ್ಲ. ಮದುವೆಯಲ್ಲಿ ಮಡಿ ಎಂದು ಉಡುವ ಒಂದು ಪಟ್ಟೆಸೀರೆಗೆ ಸಾವಿರಾರು ರೇಷ್ಮೆಗೂಡುಗಳನ್ನು, ಒಳಗಿನ ಹುಳದ ಸಮೇತ, ಬಿಸಿಗೆ ಒಡ್ಡಿ ನೂಲು ತೆಗೆಯುತ್ತಾರೆ. ರಾತ್ರಿಯಿಡೀ ಕುಣಿಸುವ ಯಕ್ಷಗಾನದ ಚಂಡೆ-ಮದ್ದಳೆಗೆ ಚರ್ಮ ಬೇಕು. ಗದ್ದೆ ಉಳುವಾಗ ಸಾಯುವ ಎರೆಹುಳ, ತೋಟಕ್ಕೆ ಮಂಗ-ಹಂದಿ ಬಂದಾಗ ನಮ್ಮ ಬಾಯಲ್ಲಿ ಬರುವ ಮಾತು, ಹಾಕುವ ಉರುಳು, ಹೊಡೆಯುವ ಗರ್ನಾಲು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಹಾಲು ಕೊಡುವ ಹಸುವಿಗೆ ಹುಟ್ಟಿದ ಗಂಡುಕರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಹಾಲು ಕುಡಿಯುವ ನಾವು ಯಾರೂ ಕೇಳುವುದಿಲ್ಲ. ಹಿಂಸೆಯನ್ನು ಕಡಿಮೆ ಮಾಡಬಹುದು. ಪೂರ್ತಿ ಶೂನ್ಯ ಮಾಡಿದ್ದೇವೆ ಎಂಬ ಜಂಬ ಬೇಡ.

ತೀರ್ಪು: ವಿಜ್ಞಾನ ಅರ್ಧ ಸರಿ, ವಾದ ತಪ್ಪು.

ಹಾಗಾದರೆ ಸಸ್ಯಾಹಾರ ಬಿಡಬೇಕೇ?

ಖಂಡಿತ ಇಲ್ಲ. ಕೊಲ್ಲಲು ಮನಸ್ಸಿಲ್ಲ, ನಂಬಿಕೆ ಒಪ್ಪುವುದಿಲ್ಲ, ರೂಢಿಯಿಲ್ಲ, ಪರಿಸರದ ಕಾಳಜಿ, ಅಥವಾ ಬರೀ ‘ನನಗೆ ಸೇರುವುದಿಲ್ಲ’ — ಇವೆಲ್ಲ ಸಾಕಷ್ಟು ಒಳ್ಳೆಯ ಕಾರಣಗಳು. ಸಿಂಹ ಹೇಗೆ ನೀರು ಕುಡಿಯುತ್ತದೆ ಎಂಬ ಆಧಾರ ಇವಕ್ಕೆ ಬೇಕಾಗಿಲ್ಲ. ಸುಳ್ಳು ವಿಜ್ಞಾನದಿಂದ ಮೊದಲು ಪೆಟ್ಟು ತಿನ್ನುವುದು ಸಸ್ಯಾಹಾರಿಯೇ. ‘ನಮ್ಮ ಆಹಾರ ಪರಿಪೂರ್ಣ’ ಎಂದು ನಂಬಿದವರು ರಕ್ತ ಪರೀಕ್ಷೆ ಮಾಡಿಸುವುದಿಲ್ಲ.

ಸಸ್ಯಾಹಾರಿಗಳು ನೆನಪಿಡಬೇಕಾದದ್ದು ಇಷ್ಟು:

- ಹಾಲು-ಮೊಸರು ಕಡಿಮೆ ತೆಗೆದುಕೊಳ್ಳುವವರು, ಅರವತ್ತು ದಾಟಿದವರು, ಗರ್ಭಿಣಿಯರು, ಮೆಟ್‌ಫಾರ್ಮಿನ್ ಅಥವಾ ಗ್ಯಾಸಿನ ಮಾತ್ರೆ ದಿನವೂ ನುಂಗುವವರು ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
- ಕೈಕಾಲು ಜುಂ ಎನ್ನುವುದು, ಮರಗಟ್ಟುವುದು, ನಡೆಯುವಾಗ ತೂರಾಡುವುದು ‘ವಯಸ್ಸಿನದ್ದು’ ಎಂದು ಬಿಡಬೇಡಿ.
- ದಿನದ ಎರಡು ಊಟದಲ್ಲಾದರೂ ಗಟ್ಟಿ ಬೇಳೆ ಅಥವಾ ಕಾಳು ಇರಲಿ. ತಂಬುಳಿ ಇರಲಿ, ಪಕ್ಕದಲ್ಲಿ ಹುರುಳಿಯೂ ಇರಲಿ.
- ಕಾಳು-ಸೊಪ್ಪಿನ ಊಟಕ್ಕೆ ನಿಂಬೆ ಹಿಂಡಿ. ಚಹಾವನ್ನು ಒಂದು ಗಂಟೆ ಆಚೆ ಇಡಿ.

ಫಾರ್ವರ್ಡ್ ಗುಂಡಿ ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಯಾವ ಅಧ್ಯಯನ, ಯಾವ ವರ್ಷ ಎಂದು ಹೇಳಿದೆಯೇ? ಇದನ್ನು ನಂಬಿ ಯಾರಾದರೂ ಔಷಧ ನಿಲ್ಲಿಸಬಹುದೇ, ಪರೀಕ್ಷೆ ಮುಂದೂಡಬಹುದೇ? ಇದನ್ನು ಓದಿದ ಪಕ್ಕದ ಮನೆಯವರು ನಾಳೆ ನನ್ನ ಮುಖ ನೋಡಲು ಹಿಂಜರಿಯಬಹುದೇ? ಮೊದಲನೆಯದಕ್ಕೆ ‘ಇಲ್ಲ’, ಉಳಿದ ಎರಡರಲ್ಲಿ ಒಂದಕ್ಕಾದರೂ ‘ಹೌದು’ ಎಂಬ ಉತ್ತರ ಬಂದರೆ ಸಂದೇಶ ನಿಮ್ಮಲ್ಲೇ ನಿಲ್ಲಲಿ.

ಈ ಬರಹವನ್ನು ಮಾತ್ರ, ಕಾಲು ಜುಂ ಎನ್ನುತ್ತದೆ ಎಂದು ಹೇಳುತ್ತಿರುವ ನಿಮ್ಮ ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿ. ಹತ್ತು ಜನರಿಗೆ ಕಳುಹಿಸದಿದ್ದರೆ ಯಾವ ದೇವರೂ ಸಿಟ್ಟಾಗುವುದಿಲ್ಲ.